ಗುಲಾಮಗಿರಿ ಇಲ್ಲದ ಊರಲ್ಲೇ ರದ್ದತಿವಾದಿಗಳ ಸಭಾಭವನ ಸುಟ್ಟರಲ್ಲ, ಏಕೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಗುಲಾಮಗಿರಿ ಬಗ್ಗೆ ನಾವು ಶಾಲೆಯಲ್ಲಿ ಓದಿದ್ದು ಒಂದೂವರೆ ಪುಟ. ಉತ್ತರದವರು ಬೇಡ ಎಂದರು, ದಕ್ಷಿಣದವರು ಬಿಡಲಿಲ್ಲ, ಯುದ್ಧವಾಯಿತು, ಲಿಂಕನ್ ಎಲ್ಲರನ್ನೂ ಬಿಡಿಸಿದರು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಹಾಲ್ ಕಥೆ ಓದಿದ ಮೇಲೆ ಆ ಒಂದೂವರೆ ಪುಟ ಗಂಟಲಲ್ಲಿ ಇಳಿಯುತ್ತಿಲ್ಲ.

ಗುಲಾಮಗಿರಿ ರದ್ದಾಗಲಿ ಎನ್ನುವವರಿಗೆ ಆ ಊರಲ್ಲಿ ಸಭೆ ನಡೆಸಲು ಜಾಗ ಸಿಗುವುದೇ ಕಷ್ಟವಾಗಿತ್ತು. ಕೊನೆಗೆ 20 ಡಾಲರಿನಂತೆ ಷೇರು ಮಾರಿ, 40,000 ಡಾಲರ್ ಕೂಡಿಸಿ ತಾವೇ ಒಂದು ದೊಡ್ಡ ಭವನ ಕಟ್ಟಿಸಿದರು. 1838ರ ಮೇ 14ಕ್ಕೆ ಬಾಗಿಲು ತೆರೆಯಿತು. 16ರ ಸಂಜೆ ಏಂಜೆಲಿನಾ ಗ್ರಿಮ್ಕೆ ಎಂಬ ರದ್ದತಿವಾದಿ ಮಹಿಳೆ ಭಾಷಣ ಮಾಡುತ್ತಿದ್ದಾಗ ಹೊರಗಿನಿಂದ ಕಲ್ಲು ಬಂದು ಕಿಟಕಿ ಗಾಜು ಒಡೆಯುತ್ತಿದ್ದವು. ಆಕೆ ಮಾತು ನಿಲ್ಲಿಸಲಿಲ್ಲ. ಮರುದಿನ ಮೇಯರ್ ಬಂದು ಭವನಕ್ಕೆ ಬೀಗ ಹಾಕಿಸಿ, ಗುಂಪಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಹೊರಟುಹೋದರು. ಆ ರಾತ್ರಿಯೇ ಬಾಗಿಲು ಮುರಿದು ಬೆಂಕಿ ಇಟ್ಟರು. ಅಗ್ನಿಶಾಮಕದವರು ಬಂದರು, ಅಕ್ಕಪಕ್ಕದ ಕಟ್ಟಡಗಳಿಗೆ ನೀರು ಹೊಡೆದರು. ಭವನ ಉರಿದು ಬೂದಿಯಾಯಿತು.

ಇದು ದಕ್ಷಿಣದ ಊರಲ್ಲ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿ ತೆಗೆಯಲು ಕಾಯ್ದೆ ಮಾಡಿದ ರಾಜ್ಯ. ಹಾಗಿದ್ದೂ ಇಷ್ಟು ಸಿಟ್ಟು ಏಕೆ? ತಿಳಿದವರು ಹೇಳಿ.

ಹಳೇ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ನೀವು ಹೇಳಿದ್ದು ಒಂಟಿ ಘಟನೆಯೂ ಅಲ್ಲ. 1834ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ಟ್ಯಾಪನ್ ಎಂಬ ರದ್ದತಿವಾದಿ ವ್ಯಾಪಾರಿಯ ಮನೆಗೆ ನುಗ್ಗಿ ಸಾಮಾನನ್ನೆಲ್ಲ ಬೀದಿಗೆ ಎಸೆದು ಸುಟ್ಟರು. 1835ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ರದ್ದತಿವಾದಿ ಪತ್ರಿಕೆಯ ಸಂಪಾದಕ ಗ್ಯಾರಿಸನ್‌ಗೆ ಹಗ್ಗ ಬಿಗಿದು ಬೀದಿಯಲ್ಲಿ ಎಳೆದಾಡಿದರು; ಜೀವ ಉಳಿಸಲು ಜೈಲಿಗೆ ಹಾಕಬೇಕಾಯಿತು. 1837ರ ನವೆಂಬರ್ 7ರಂದು ಇಲಿನಾಯ್ಸ್‌ನ ಆಲ್ಟನ್‌ನಲ್ಲಿ ಎಲೈಜಾ ಲವ್‌ಜಾಯ್ ಎಂಬ ಪಾದ್ರಿ-ಸಂಪಾದಕನನ್ನು, ಆತ ತನ್ನ ಅಚ್ಚಿನ ಯಂತ್ರ ಕಾಯುತ್ತಿದ್ದಾಗ, ಗುಂಡಿಕ್ಕಿ ಕೊಂದರು. ಮೂರೂ ಉತ್ತರದ ಊರುಗಳೇ.

ಕಾರಣ ತಿಳಿಯಬೇಕಾದರೆ ಮೂರು ನಿಲುವುಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಗುಲಾಮಗಿರಿ ಇಷ್ಟವಿಲ್ಲ ಎನ್ನುವುದು ಒಂದು. ಇರುವ ಗುಲಾಮರನ್ನೆಲ್ಲ ಈಗಲೇ ಬಿಡಬೇಕು ಎನ್ನುವುದು ಇನ್ನೊಂದು. ಬಿಟ್ಟ ಮೇಲೆ ಅವರು ನಮ್ಮ ಸಮಾನರು, ನೆರೆಯವರು ಎನ್ನುವುದು ಮೂರನೆಯದು. ಉತ್ತರದಲ್ಲಿ ಮೊದಲನೆಯವರು ಬೇಕಾದಷ್ಟಿದ್ದರು, ಎರಡನೆಯವರು ಕಡಿಮೆ, ಮೂರನೆಯವರು ಬೆರಳೆಣಿಕೆ. ಇಲಿನಾಯ್ಸ್ ಗುಲಾಮಗಿರಿ ಇಲ್ಲದ ರಾಜ್ಯ. ಆದರೆ ಕಪ್ಪುಜನ ಬಂದು ನೆಲೆಸಬಾರದೆಂದು 1853ರಲ್ಲಿ ಕಾಯ್ದೆ ಮಾಡಿತು. ಓರೆಗಾನ್ 1857ರ ತನ್ನ ಸಂವಿಧಾನದಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತು, ಕಪ್ಪುಜನರನ್ನೂ ನಿಷೇಧಿಸಿತು. ನ್ಯೂಯಾರ್ಕಿನಲ್ಲಿ 1821ರಿಂದ ಬಿಳಿಯ ಗಂಡಸಿಗೆ ಓಟು ಹೆಚ್ಚುಕಡಿಮೆ ಸಲೀಸು, ಕಪ್ಪು ಗಂಡಸಿಗೆ ಮಾತ್ರ 250 ಡಾಲರಿನ ಆಸ್ತಿ ಇರಬೇಕಿತ್ತು.

ಆ ಭವನದಲ್ಲಿ ಜನರ ಕಣ್ಣು ಕೆಂಪಗೆ ಮಾಡಿದ್ದು ಗುಲಾಮಗಿರಿ ವಿರುದ್ಧದ ಮಾತು ಮಾತ್ರವಲ್ಲ. ಬಿಳಿಯ ಹೆಂಗಸರೂ ಕಪ್ಪು ಹೆಂಗಸರೂ ಒಂದೇ ಸಾಲಿನಲ್ಲಿ ಕೂತಿದ್ದು, ತೋಳಿಗೆ ತೋಳು ಹಾಕಿ ಹೊರಬಂದಿದ್ದು.

ಬಿಳಿಹತ್ತಿ
ಮಾಸ್ತರ, ನಿಮ್ಮ ಮಾತು ಖರೆ ಐತಿ, ಆದ್ರ ರೊಕ್ಕದ ಸುದ್ದಿ ಬಿಟ್ಟೀರಲ್ಲ. ನಮ್ಮ ಮನಿಯಾಗ ಮೂರು ತಲಿಯಿಂದ ಹತ್ತಿ ವ್ಯಾಪಾರ, ಹಿಂಗಾಗಿ ನನಗ ಮೊದಲ ಕಾಣೋದು ಅದ.

1793ರಾಗ ಹತ್ತಿ ಬಿಡಿಸೋ ಜಿನ್ನು ಬಂತು. ಅದಕ್ಕ ಮೊದಲ ಗಿಡ್ಡ ಎಳಿ ಹತ್ತಿ ಬೀಜದಿಂದ ಬಿಡಿಸೋದರಾಗ ದಿನಾ ಹೋಗತಿತ್ತು. ಆಮ್ಯಾಲ ಜಾರ್ಜಿಯಾದಿಂದ ಟೆಕ್ಸಾಸ್ ತನಕ ನೆಲಾ ಎಲ್ಲಾ ಹತ್ತಿ ಆತು. 1860ಕ್ಕ ಅಮೆರಿಕದ ರಫ್ತಿನಾಗ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತೀದು. ಬೆಳದವರು ದಕ್ಷಿಣದಾಗಿದ್ರು ಖರೆ, ಆದ್ರ ಸಾಲಾ ಕೊಟ್ಟವರು, ಹಡಗ ಕಳಿಸಿದವರು, ವಿಮಾ ಮಾಡಿದವರು, ದಲಾಲಿ ತಿಂದವರು ಎಲ್ಲಾ ನ್ಯೂಯಾರ್ಕಿನವರು. ಮ್ಯಾಸಚೂಸೆಟ್ಸಿನ ಲೋವೆಲ್ ಗಿರಣಿ ಓಡತಿದ್ದದ್ದು ಆ ಹತ್ತೀಲೆ. ರೋಡ್ ಐಲೆಂಡಿನ ಗಿರಣಿಯಾಗ ದಪ್ಪ ಒರಟ ಬಟ್ಟಿ ನೇಯತಿದ್ರು, ಯಾರಿಗೆ ಗೊತ್ತೇನ್ರಿ? ದಕ್ಷಿಣದ ಗುಲಾಮರಿಗೆ ಉಡಸಲಿಕ್ಕೆ. ಅಂದ್ರ ಹತ್ತಿ ಬಿಡಿಸಿದವನ ಹತ್ತೀನ ಗಿರಣಿಗೆ ಹೋಗಿ, ಅವನ ಮೈಮ್ಯಾಲ ತಿರುಗಿ ಬರತಿತ್ತು, ನಡುವ ಉತ್ತರದಾವಗ ಎರಡ ಸಲ ಲಾಭ. 1861ರ ಜನವರಿಯಾಗ ನ್ಯೂಯಾರ್ಕ್ ಮೇಯರ್ ಫರ್ನಾಂಡೊ ವುಡ್ ಅಂತೂ, ನಮ್ಮ ಊರೂ ಅಮೆರಿಕ ಬಿಟ್ಟು ಬ್ಯಾರೆ ಆಗಲಿ, ದಕ್ಷಿಣದವರ ಸಂಗಡ ವ್ಯಾಪಾರ ಕೆಡೋದು ಬ್ಯಾಡ ಅಂತ ಸೂಚನಾ ಇಟ್ಟಾ. ಇಂಥಾ ಊರಾಗ ರದ್ದತಿ ಅಂದವಗ ಹಾರ ಹಾಕ್ತಾರೇನ್ರಿ?

ನೇರನುಡಿ
ಅಂದ್ರೆ ಎರಡೂ ಕಡೆಯವರಿಗೂ ದುಡ್ಡೇ ಮುಖ್ಯ ಅಂತಾಯ್ತು. ಹಾಗಾದ್ರೆ ಯುದ್ಧ ಆಗಿದ್ದು ಗುಲಾಮಗಿರಿಗಾಗಿ ಅನ್ನೋದೇ ಆಮೇಲೆ ಕಟ್ಟಿದ ಕಥೆ ಇರಬಹುದಲ್ವಾ? ಸುಂಕ, ರಾಜ್ಯಗಳ ಹಕ್ಕು, ಕೇಂದ್ರದ ದಬ್ಬಾಳಿಕೆ ಇವೇ ಕಾರಣ ಅಂತ ಬಹಳ ಜನ ಅಮೆರಿಕನ್ನರೇ ಹೇಳ್ತಾರೆ. ನನ್ನ ಆಫೀಸಲ್ಲೂ ಒಬ್ಬ ಟೆನ್ನೆಸ್ಸಿಯವನು ಇದನ್ನೇ ವಾದಿಸ್ತಾನೆ.

ಹಳೇ ಮೇಷ್ಟ್ರು
ನಿಮ್ಮ ಸಹೋದ್ಯೋಗಿಗೆ ಒಕ್ಕೂಟ ಬಿಟ್ಟುಹೋದ ರಾಜ್ಯಗಳು ತಾವೇ ಬರೆದ ಕಾಗದ ಓದಲು ಹೇಳಿ. 1861ರ ಮಿಸಿಸಿಪ್ಪಿಯ ಘೋಷಣೆ ಎರಡನೇ ವಾಕ್ಯದಲ್ಲೇ ನಮ್ಮ ನಿಲುವು ಗುಲಾಮಗಿರಿಯ ಜತೆ ಪೂರ್ತಿ ಬೆಸೆದುಕೊಂಡಿದೆ ಎನ್ನುತ್ತದೆ. ಅದೇ ಮಾರ್ಚ್ 21ರಂದು ದಕ್ಷಿಣದ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನ್ನಾದಲ್ಲಿ, ನಮ್ಮ ಸರ್ಕಾರದ ಮೂಲೆಗಲ್ಲೇ ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬ ಸತ್ಯ ಎಂದು ಭಾಷಣ ಮಾಡಿದ. ಸೋತ ಮೇಲೆ ಅದೇ ಮನುಷ್ಯ ದಪ್ಪ ದಪ್ಪ ಸಂಪುಟ ಬರೆದು ರಾಜ್ಯಗಳ ಹಕ್ಕಿನ ಮಾತು ಹಿಡಿದ.

ರಾಜ್ಯಗಳ ಹಕ್ಕಿನ ವಿಚಾರಕ್ಕೆ ಬಂದರೆ, 1850ರ ತಲೆತಪ್ಪಿಸಿಕೊಂಡ ಗುಲಾಮರ ಕಾಯ್ದೆ ಯಾರದು? ದಕ್ಷಿಣದವರು ಹಟ ಹಿಡಿದು ಮಾಡಿಸಿದ ಕೇಂದ್ರ ಕಾಯ್ದೆ. ಉತ್ತರದ ರಾಜ್ಯದೊಳಗೆ ನುಗ್ಗಿ ಜನರನ್ನು ಹಿಡಿಯುವ ಅಧಿಕಾರ. ಹಿಡಿದುಕೊಟ್ಟು ನೆರವಾಗದ ಸಾಮಾನ್ಯನಿಗೂ ಶಿಕ್ಷೆ. ವಿಚಾರಣೆ ಮಾಡುವ ಕಮಿಷನರ್ ಆತನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟರೆ 5 ಡಾಲರ್! ಕಾಗದಪತ್ರದ ಕೆಲಸ ಜಾಸ್ತಿ ಎಂಬುದು ಅದಕ್ಕೆ ಕೊಟ್ಟ ಸಮಜಾಯಿಷಿ.

ತುಂಗಾತೀರ
10 ಮತ್ತು 5 ಡಾಲರಿನ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಮೇಷ್ಟ್ರೇ, 1838ರಲ್ಲಿ ಭವನ ಸುಟ್ಟ ಉತ್ತರ 1861ಕ್ಕೆ ಯುದ್ಧಕ್ಕೆ ನಿಂತದ್ದು ಹೇಗೆ? ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಮನಸ್ಸು ಬದಲಾಯಿತೇ?

ಪೆನ್ ವಾಸಿ
ನಾನು ಫಿಲಡೆಲ್ಫಿಯಾ ಹತ್ತಿರವೇ ಇರುವುದರಿಂದ ಮೊದಲು ಆ 1780ರ ಕಾಯ್ದೆ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಎಲ್ಲರೂ ಅದನ್ನು ತುಂಬ ಹೊಗಳುತ್ತಾರೆ. ಆ ದಿನ ಗುಲಾಮರಾಗಿದ್ದ ಒಬ್ಬರನ್ನೂ ಅದು ಬಿಡಿಸಲಿಲ್ಲ. ಆಮೇಲೆ ಹುಟ್ಟುವ ಮಕ್ಕಳು ಸ್ವತಂತ್ರರು, ಆದರೆ ತಾಯಿಯ ಒಡೆಯನಿಗೆ 28 ವರ್ಷ ತುಂಬುವವರೆಗೆ ದುಡಿಯಬೇಕು. ಆ ಕಾಲದಲ್ಲಿ 28 ಎಂದರೆ ದುಡಿಮೆಯ ಬದುಕಿನ ಅರ್ಧ ಭಾಗ. ನ್ಯೂಯಾರ್ಕ್ 1799ರಲ್ಲಿ ಶುರುಮಾಡಿ 1827ರ ಜುಲೈ 4ಕ್ಕೆ ಮುಗಿಸಿತು. ನ್ಯೂಜೆರ್ಸಿ 1804ರಲ್ಲಿ ಶುರುಮಾಡಿದ್ದು. 1860ರ ಜನಗಣತಿಯಲ್ಲೂ ಅಲ್ಲಿ 18 ಗುಲಾಮರಿದ್ದರು. ನಷ್ಟ ಒಡೆಯನಿಗೆ ಆಗಬಾರದು, ದುಡಿದು ಬಿಡುಗಡೆ ಕೊಂಡುಕೊಳ್ಳಬೇಕಾದವರು ಗುಲಾಮರ ಮಕ್ಕಳೇ ಎಂಬ ಲೆಕ್ಕಾಚಾರ ಇದು.

ಇಲ್ಲಿ ಆರನೇ ಬೀದಿ ಮತ್ತು ಮಾರ್ಕೆಟ್ ಬೀದಿ ಕೂಡುವಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಇದ್ದ ಮನೆಯ ಜಾಗವಿದೆ. ಆ ಮನೆಯಲ್ಲಿ ಅವರು ಇಟ್ಟುಕೊಂಡಿದ್ದ ಒಂಬತ್ತು ಗುಲಾಮರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಪೆನ್ಸಿಲ್ವೇನಿಯಾ ಕಾಯ್ದೆ ಪ್ರಕಾರ ಹೊರರಾಜ್ಯದವರ ಗುಲಾಮರು ಆರು ತಿಂಗಳು ಇಲ್ಲಿದ್ದರೆ ಬಿಡುಗಡೆ ಕೇಳಬಹುದಿತ್ತು. ಅದಕ್ಕೇ ಆರು ತಿಂಗಳು ತುಂಬುವ ಮುಂಚೆ ಅವರನ್ನು ಏನಾದರೂ ನೆಪ ಹೇಳಿ ವರ್ಜೀನಿಯಾಕ್ಕೋ ಪಕ್ಕದ ನ್ಯೂಜೆರ್ಸಿಗೋ ಕಳಿಸಿ ಮತ್ತೆ ಕರೆಸುತ್ತಿದ್ದರು. ಅವರಿಗೂ ಜನರಿಗೂ ನಿಜ ಗೊತ್ತಾಗದಂತೆ ಮಾಡಿ ಎಂದು ವಾಷಿಂಗ್ಟನ್ 1791ರಲ್ಲಿ ಕಾರ್ಯದರ್ಶಿಗೆ ಬರೆದ ಪತ್ರವೇ ಉಳಿದಿದೆ. ಓನಾ ಜಡ್ಜ್ ಎಂಬ ಹುಡುಗಿ 1796ರಲ್ಲಿ, ಮನೆಯವರು ಊಟಕ್ಕೆ ಕೂತಿದ್ದಾಗ ಹೊರಟು ಹಡಗು ಹತ್ತಿ ನ್ಯೂಹ್ಯಾಂಪ್‌ಶೈರ್ ಸೇರಿಕೊಂಡಳು. ಕೊನೆಯವರೆಗೂ ಅವರ ಕೈಗೆ ಸಿಗಲಿಲ್ಲ. ಅದೇ ವಾಷಿಂಗ್ಟನ್ ತಮ್ಮ ಉಯಿಲಿನಲ್ಲಿ ಸ್ವಂತ ಗುಲಾಮರನ್ನು ಬಿಡಬೇಕೆಂದು ಬರೆದರು ಎನ್ನುವುದೂ ಸತ್ಯ. ಎರಡೂ ಒಬ್ಬನೇ ಮನುಷ್ಯ.

ಹಳೇ ಮೇಷ್ಟ್ರು
ತುಂಗಾತೀರ ಅವರೇ, ಮನಸ್ಸು ಬದಲಾಯಿತು ಎನ್ನುವುದಕ್ಕಿಂತ ದಕ್ಷಿಣದವರೇ ಉತ್ತರದವರ ಕಾಲು ತುಳಿಯಲು ಶುರುಮಾಡಿದರು ಎನ್ನಿ.

ಮೊದಲ ತಲೆಮಾರಿನ ಒಡೆಯರು, ಜೆಫರ್ಸನ್ ಥರದವರು, ಗುಲಾಮಗಿರಿ ಕೆಟ್ಟದ್ದೇ, ಏನು ಮಾಡೋಣ, ಬಿಡಲಾಗದು ಎನ್ನುತ್ತಿದ್ದರು. 1831ರ ಆಗಸ್ಟಿನಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ದಂಗೆ ಎದ್ದ. ಅದರ ಬೆನ್ನಿಗೇ ಆ ರಾಜ್ಯದ ಶಾಸನಸಭೆ ಗುಲಾಮಗಿರಿ ಬಿಡಬೇಕೋ ಬೇಡವೋ ಎಂದು ಬಹಿರಂಗವಾಗಿ ಚರ್ಚಿಸಿತು. ಬೇಡ ಎಂದು ತೀರ್ಮಾನವಾದ ಮೇಲೆ ದಕ್ಷಿಣದಲ್ಲಿ ಆ ಚರ್ಚೆಯ ಬಾಗಿಲೇ ಮುಚ್ಚಿತು. 1837ರಲ್ಲಿ ದಕ್ಷಿಣದ ಮುಖಂಡ ಕ್ಯಾಲ್ಹೂನ್ ಸೆನೆಟ್ಟಿನಲ್ಲಿ ನಿಂತು ಇದು ಕೆಡುಕಲ್ಲ, ಒಳ್ಳೆಯದೇ ಎಂದುಬಿಟ್ಟ. ಬೈಬಲ್ ಹಿಡಿದು ಸಮರ್ಥಿಸುವ ಪಾದ್ರಿಗಳಿಗೇನೂ ಕೊರತೆ ಇರಲಿಲ್ಲ. 1844ರಲ್ಲಿ ಮೆಥಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಇದೇ ವಿಷಯಕ್ಕೆ ಎರಡು ಹೋಳಾದರು.

ಇಷ್ಟಕ್ಕೇ ನಿಲ್ಲಲಿಲ್ಲ. 1835ರಲ್ಲಿ ರದ್ದತಿವಾದಿಗಳು ಅಂಚೆಯಲ್ಲಿ ಕಳಿಸಿದ ಪತ್ರಿಕೆಗಳನ್ನು ಚಾರ್ಲ್ಸ್ಟನ್ನಿನ ಅಂಚೆ ಕಚೇರಿಗೆ ನುಗ್ಗಿ ಹೊತ್ತೊಯ್ದು ಸುಟ್ಟರು. 1836ರಿಂದ 1844ರವರೆಗೆ ಗುಲಾಮಗಿರಿ ಕುರಿತ ಅರ್ಜಿಗಳನ್ನು ಸಂಸತ್ತಿನ ಕೆಳಮನೆ ಓದದೆಯೇ ಪಕ್ಕಕ್ಕಿಡುವ ನಿಯಮ ಬಂತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮುದಿವಯಸ್ಸಿನಲ್ಲಿ ಆ ನಿಯಮದ ಜತೆ ಎಂಟು ವರ್ಷ ಗುದ್ದಾಡಿದರು. ಕಪ್ಪುಜನರ ಕಷ್ಟ ಕೇಳಿ ಕರಗದವನಿಗೂ ತನ್ನ ಅಂಚೆ ಸುಟ್ಟರು, ತನ್ನ ಅರ್ಜಿ ಕಸದ ಬುಟ್ಟಿಗೆ ಹೋಯಿತು ಎಂದರೆ ಸಿಟ್ಟು ಬರುತ್ತದೆ.

ಬಾಸ್ಟನ್ನಿನ ಆಂಥೋನಿ ಬರ್ನ್ಸ್ ಪ್ರಕರಣ ನೋಡಿ. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ. 1854ರ ಜೂನ್ 2ರಂದು, ಆ 1850ರ ಕಾಯ್ದೆಯಡಿ ಒಡೆಯನಿಗೆ ವಾಪಸ್ ಕಳಿಸಲು ಅವನೊಬ್ಬನನ್ನು ಬಂದರಿಗೆ ಕರೆದೊಯ್ಯಲು ಸೈನಿಕರು, ಫಿರಂಗಿ ಎಲ್ಲ ಬೇಕಾಯಿತು. ಅಂಗಡಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಸಾವಿರಾರು ಜನ ಬೀದಿಯಲ್ಲಿ ನಿಂತು ನೋಡಿದರು. ಏಮಸ್ ಲಾರೆನ್ಸ್ ಎಂಬ ಗಿರಣಿ ಬಂಡವಾಳಗಾರ, ಅಂದರೆ ದಕ್ಷಿಣದ ಹತ್ತಿಯಲ್ಲೇ ಅನ್ನ ಉಂಡವನು, ಆಮೇಲೆ ಬರೆದುಕೊಂಡ: ರಾತ್ರಿ ಮಲಗುವಾಗ ನಾವು ರಾಜಿ ಮನಸ್ಸಿನ ಹಳೇ ಸಂಪ್ರದಾಯಸ್ಥರು, ಬೆಳಗ್ಗೆ ಏಳುವಾಗ ಹುಚ್ಚು ಹಿಡಿದ ರದ್ದತಿವಾದಿಗಳು.

ಪಡುಗಡಲು
ಇಷ್ಟು ಹೊತ್ತಿನಿಂದ ಓದುತ್ತಾ ಇದ್ದೇನೆ ಮಾರಾಯ್ರೆ, ಬಿಳಿಯರ ಸಿಟ್ಟು, ಬಿಳಿಯರ ಲಾಭ, ಬಿಳಿಯರ ಪಶ್ಚಾತ್ತಾಪ. ಗುಲಾಮರಾಗಿದ್ದವರು ಮತ್ತು ಅವರ ಬಂಧುಗಳು ಏನು ಮಾಡುತ್ತಿದ್ದರು ಅಂತ ಯಾರಿಗೂ ಕೇಳಬೇಕು ಅನ್ನಿಸಲಿಲ್ಲವಾ?

1816ರ ಕೊನೆಗೆ ದೊಡ್ಡ ದೊಡ್ಡವರೆಲ್ಲ ಸೇರಿ, ಸ್ವತಂತ್ರ ಕಪ್ಪುಜನರನ್ನು ಆಫ್ರಿಕಕ್ಕೆ ಕಳಿಸುವ ಒಂದು ಸಂಘ ಮಾಡಿದರು. ಹೆನ್ರಿ ಕ್ಲೇ ಅಂಥ ದೊಡ್ಡ ರಾಜಕಾರಣಿಗಳು ಅದರಲ್ಲಿದ್ದರು. ಲೈಬೀರಿಯ ಹುಟ್ಟಿದ್ದು ಹಾಗೆ. ಗುಲಾಮಗಿರಿಗೆ ಇದೇ ಮರ್ಯಾದಸ್ಥ ಪರಿಹಾರ ಅಂತ ಉತ್ತರದ ಸಭ್ಯರು ತಿಳಿದುಕೊಂಡಿದ್ದ ಕಾಲ. 1817ರ ಜನವರಿಯಲ್ಲಿ ಫಿಲಡೆಲ್ಫಿಯಾದ ಬೆತೆಲ್ ಚರ್ಚಿನಲ್ಲಿ ಸುಮಾರು ಮೂರು ಸಾವಿರ ಕಪ್ಪುಜನ ಸೇರಿದರು. ಹಡಗಿನ ಹಾಯಿ ಹೊಲಿಸುವ ಕಾರ್ಖಾನೆಯ ಮಾಲೀಕ ಜೇಮ್ಸ್ ಫೋರ್ಟನ್ ಸಭೆ ನಡೆಸಿದವರು. ಆ ಯೋಜನೆಗೆ ಒಂದೇ ಒಂದು ಕೈ ಮೇಲೆ ಬರಲಿಲ್ಲ. ಬೇಡ ಅನ್ನುವ ಕೂಗಿಗೆ ಗೋಡೆ ಬೀಳುತ್ತದೋ ಅನ್ನಿಸಿತು ಅಂತ ಫೋರ್ಟನ್ ಬರೆದಿದ್ದಾರೆ. ಈ ನೆಲದಲ್ಲಿ ದುಡಿದವರು ನಾವು, ಗುಲಾಮರಾಗಿರುವ ನಮ್ಮವರನ್ನು ಇಲ್ಲೇ ಬಿಟ್ಟು ನಾವೊಬ್ಬರೇ ಹೋಗುವುದಿಲ್ಲ, ಇದು ಅವರ ಉತ್ತರ.

ಗ್ಯಾರಿಸನ್‌ಗೆ ಈಗಲೇ ಬಿಡುಗಡೆ ಆಗಬೇಕು ಅನ್ನುವ ಬುದ್ಧಿ ಬಂದದ್ದು ಇಂಥವರ ಮಾತು ಕೇಳಿ. 1831ರ ಜನವರಿ 1ಕ್ಕೆ ಅವನ ಪತ್ರಿಕೆ ಶುರುವಾದಾಗ ಫೋರ್ಟನ್ ದುಡ್ಡು ಕೊಟ್ಟರು, ಮೊದಲ ವರ್ಷಗಳ ಚಂದಾದಾರರಲ್ಲಿ ಹೆಚ್ಚಿನವರು ಕಪ್ಪುಜನರೇ. ಅದಕ್ಕೂ ಮೊದಲು 1829ರಲ್ಲಿ, ಬಾಸ್ಟನ್ನಿನಲ್ಲಿ ಹಳೇ ಬಟ್ಟೆ ಅಂಗಡಿ ಇಟ್ಟಿದ್ದ ಡೇವಿಡ್ ವಾಕರ್ ಬೆಂಕಿಯಂಥ ಕರಪತ್ರ ಬರೆದು, ನಾವಿಕರ ಕೈಯಲ್ಲಿ ಗುಟ್ಟಾಗಿ ದಕ್ಷಿಣದ ಬಂದರುಗಳಿಗೆ ಮುಟ್ಟಿಸಿದ್ದ. ಜಾರ್ಜಿಯಾ ಸರ್ಕಾರ ಅದನ್ನು ನೋಡಿ ಹೆದರಿ ತರಾತುರಿಯಲ್ಲಿ ಕಾಯ್ದೆ ಮಾಡಿತು. 1832ರಲ್ಲಿ ಅದೇ ಬಾಸ್ಟನ್ನಿನಲ್ಲಿ ಮರಿಯಾ ಸ್ಟುವರ್ಟ್ ಎಂಬ ಕಪ್ಪು ಮಹಿಳೆ ಗಂಡಸರೂ ಹೆಂಗಸರೂ ಇದ್ದ ಸಭೆಯಲ್ಲಿ ಭಾಷಣ ಮಾಡಿದಳು. ಏಂಜೆಲಿನಾ ಗ್ರಿಮ್ಕೆಗಿಂತ ಮೊದಲು.

ನೇರನುಡಿ
ಅಕ್ಕ, ಒಪ್ಪಿದೆ. ಆದ್ರೂ ನನ್ನದೊಂದು ಪ್ರಾಕ್ಟಿಕಲ್ ಪ್ರಶ್ನೆ. ಬ್ರಿಟನ್ 1833ರಲ್ಲಿ 2 ಕೋಟಿ ಪೌಂಡ್ ಒಡೆಯರಿಗೆ ಕೊಟ್ಟು ಮುಗಿಸ್ತು. ಅಮೆರಿಕವೂ ಹಾಗೇ ದುಡ್ಡು ಕೊಟ್ಟಿದ್ರೆ ಆರು ಲಕ್ಷಕ್ಕೂ ಹೆಚ್ಚು ಜನ ಸಾಯೋದು ತಪ್ತಿತ್ತು. ರದ್ದತಿವಾದಿಗಳ ಹಟವೂ ಯುದ್ಧಕ್ಕೆ ಕಾರಣ ಅಂತ ನನ್ನ ಅಭಿಪ್ರಾಯ. ಗ್ಯಾರಿಸನ್ 1854ರ ಜುಲೈ 4ಕ್ಕೆ ಸಂವಿಧಾನದ ಪ್ರತಿಯನ್ನೇ ಸುಟ್ಟ. ಹೀಗೆ ಮಾಡಿದ್ರೆ ಎದುರಿನವರು ಮಾತುಕತೆಗೆ ಬರ್ತಾರಾ?

ಪಡುಗಡಲು
ಯಾರಿಗೆ ಪರಿಹಾರ ಅನ್ನುವುದನ್ನು ಮೊದಲು ಹೇಳಿ ನೋಡುವ.

ಪೆನ್ ವಾಸಿ
ಪರಿಹಾರ ಕೊಟ್ಟು ನೋಡಿದ್ದಾರೆ ನೇರನುಡಿ ಅವರೇ. 1862ರ ಏಪ್ರಿಲ್ 16ರಂದು ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾಯಿತು. ಒಬ್ಬರಿಗೆ 300 ಡಾಲರ್ ಸರಾಸರಿ ಮೀರದಂತೆ ಒಡೆಯರಿಗೆ ಪರಿಹಾರ. ಬಿಡುಗಡೆಯಾದವರು ಸುಮಾರು 3,100 ಜನ. ಬೆಲೆ ಕಟ್ಟುವುದು ಹೇಗೆಂದು ಆಯೋಗದವರಿಗೆ ಗೊತ್ತಾಗದೆ ಬಾಲ್ಟಿಮೋರಿನ ಗುಲಾಮ ವ್ಯಾಪಾರಿಯೊಬ್ಬನನ್ನೇ ಕರೆಸಿಕೊಂಡರು. ಜನ ಸಾಲಾಗಿ ಬಂದು ನಿಲ್ಲುವುದು, ಆತ ನೋಡಿ ಬೆಲೆ ಹೇಳುವುದು. ತಮ್ಮ ಹೆಂಡತಿ ಮಕ್ಕಳನ್ನೇ ದುಡ್ಡು ಕೊಟ್ಟು ಕೊಂಡಿದ್ದ ಕೆಲವು ಕಪ್ಪುಜನರೂ ಕಾಗದದ ಮೇಲೆ ಒಡೆಯರಾಗಿದ್ದರಿಂದ ಅರ್ಜಿ ಹಾಕಿದರು. ಬಿಡುಗಡೆಯಾದವರಿಗೆ? ದೇಶ ಬಿಟ್ಟು ಹೋಗಲು ಒಪ್ಪಿದರೆ 100 ಡಾಲರ್‌ವರೆಗೆ.

ಇನ್ನು ಡೆಲವೇರ್, ಗುಲಾಮಗಿರಿ ಇದ್ದೂ ಒಕ್ಕೂಟ ಬಿಡದ ಸಣ್ಣ ರಾಜ್ಯ. 1860ರಲ್ಲಿ ಅಲ್ಲಿ ಇದ್ದ ಗುಲಾಮರು 1,798 ಮಾತ್ರ. 1861ರ ಕೊನೆಗೆ ಲಿಂಕನ್ ತಾವೇ ಪರಿಹಾರದ ಕರಡು ಬರೆದು ಕಳಿಸಿದರು, ಬೆಂಬಲ ಸಿಗದೆ ಬಿದ್ದುಹೋಯಿತು. ಸಾವಿರದ ಏಳುನೂರು ಚಿಲ್ಲರೆ ಜನರನ್ನು ಮಾರಲು ಒಪ್ಪದ ಕಡೆ, ದಕ್ಷಿಣದ ಸುಮಾರು 40 ಲಕ್ಷ ಜನರನ್ನು ಮಾರುತ್ತಿದ್ದರೇ? ಅವರ ಒಟ್ಟು ಬೆಲೆ ಆಗಿನ 300 ಕೋಟಿ ಡಾಲರಿಗೂ ಮೇಲೆ ಎಂದು ಅರ್ಥಶಾಸ್ತ್ರಜ್ಞರ ಅಂದಾಜು. ದೇಶದ ರೈಲು ಮಾರ್ಗಗಳೂ ಕಾರ್ಖಾನೆಗಳೂ ಸೇರಿದರೂ ಅಷ್ಟಾಗುತ್ತಿರಲಿಲ್ಲ. ದೇಶದಲ್ಲೆಲ್ಲ ಗುಲಾಮಗಿರಿ ತೆಗೆದ ಸಂವಿಧಾನದ 13ನೇ ತಿದ್ದುಪಡಿಯನ್ನು ಡೆಲವೇರ್ ಒಪ್ಪಿದ್ದು 1901ರಲ್ಲಿ.

ಬಿಳಿಹತ್ತಿ
ಪರಿಹಾರದ ಮಾತ ಬಂತು ಅಂದ್ರ ಜೋರ್ಡನ್ ಆಂಡರ್ಸನ್ ಕಾಗದ ಓದದ ಮುಂದ ಹೋಗಬ್ಯಾಡ್ರಿ.

ಈ ಮನಶ್ಯಾ ಟೆನ್ನೆಸ್ಸಿಯಾಗ ಗುಲಾಮ ಇದ್ದವ. ಯುದ್ಧದಾಗ ಬಿಡುಗಡಿ ಆಗಿ ಹೇಣತಿ ಮಕ್ಕಳನ್ನ ಕರಕೊಂಡು ಓಹಾಯೋದ ಡೇಟನ್ನಿಗೆ ಹೋಗಿ ದುಡಕೊಂಡಿದ್ದ. ಹಳೇ ಮಾಲಕ ಕರ್ನಲ್ ಸಾಹೇಬ, ಸುಗ್ಗಿ ಬಂತು, ಆಳಿಲ್ಲ, ತಿರುಗಿ ಬಾರೋ ಅಂತ ಕಾಗದ ಬರದ. ಇಂವ 1865ರ ಆಗಸ್ಟ್ 7ಕ್ಕ ಉತ್ತರ ಬರೆಸಿದ, ಪೇಪರಿನಾಗೂ ಅಚ್ಚಾತು. ಭಾಳ ಮರ್ಯಾದಿಲೆ ಬರದಾನ್ರಿ. ನೀವಿನ್ನೂ ಜೀವಂತ ಅದೀರಿ ಅಂತ ಕೇಳಿ ಸಂತೋಷ ಆತು, ನೀವು ನನಗ ಎರಡ ಸಲ ಗುಂಡ ಹಾರಿಸಿದ್ರೂ ನಿಮಗ ಪೆಟ್ಟಾಗಲಿ ಅಂತ ನಾ ಬಯಸಲಿಲ್ಲ ಅಂತಾನ. ಇಲ್ಲೆ ತಿಂಗಳಿಗೆ 25 ಡಾಲರ್ ಪಗಾರ ಐತಿ, ಮಕ್ಕಳು ಸಾಲಿಗೆ ಹೋಗತಾವ, ನನ್ನ ಹೇಣತಿ ಮ್ಯಾಂಡೀಗೆ ಜನ ಮಿಸೆಸ್ ಆಂಡರ್ಸನ್ ಅಂತಾರ. ನೀವು ಖರೇನ ಸುಧಾರಿಸಿದ್ರಿ ಅಂತ ತಿಳೀಬೇಕಾದ್ರ ನಮ್ಮ ಹಳೇ ಬಾಕಿ ಕಳಸ್ರಿ. ನಂದು 32 ವರ್ಷ, ಮ್ಯಾಂಡೀದು 20 ವರ್ಷ. ನನಗ ತಿಂಗಳಿಗೆ 25, ಆಕಿಗೆ ವಾರಕ್ಕ 2 ಹಿಡದ್ರ 11,680 ಡಾಲರ್ ಆಗತೈತಿ. ಬಡ್ಡೀನೂ ಸೇರಿಸ್ರಿ. ನಮ್ಮ ಅರಿವಿ ಖರ್ಚು, ನನಗ ಡಾಕ್ಟರ ಮೂರ ಸಲ ಬಂದದ್ದು, ಮ್ಯಾಂಡೀದು ಒಂದ ಹಲ್ಲ ಕಿತ್ತಿಸಿದ್ದು, ಅದನ್ನ ಕಳದ ಕೊಡ್ರಿ ಅಂತಾನ.

ನಾ ಲೆಕ್ಕಾ ಹಾಕಿ ನೋಡೇನಿ. 32 ವರ್ಷದ್ದು 9,600, ಆಕೀದು 20 ವರ್ಷದ್ದು 2,080. ಬರೋಬ್ಬರಿ ಐತಿ. ಕಡೀಕ, ನೀವು ನನಗ ಗುಂಡ ಹೊಡಿಯೋ ಮುಂದ ನಿಮ್ಮ ಕೈಯಾಗಿನ ಪಿಸ್ತೂಲ ಕಸಗೊಂಡ ಜಾರ್ಜ್ ಕಾರ್ಟರಗ ನನ್ನ ನಮಸ್ಕಾರ ಹೇಳ್ರಿ ಅಂತ ಮುಗಸ್ಯಾನ. ನೇರನುಡಿಯವರ, ಪರಿಹಾರ ಅಂದ್ರ ಇದು ನೋಡ್ರಿ.

ನೇರನುಡಿ
ಕಾಗದ ಅದ್ಭುತ. ಆದ್ರೆ ನಾನು ಕೇಳಿದ್ದು ನ್ಯಾಯ ಯಾವುದು ಅಂತ ಅಲ್ಲ, ಯುದ್ಧ ಇಲ್ದೆ ಆಗ್ತಿತ್ತಾ ಅಂತ. ಡೆಲವೇರ್ ಲೆಕ್ಕ ನೋಡಿದ್ರೆ ಕಷ್ಟ ಇತ್ತು ಅನ್ಸುತ್ತೆ. ಲಿಂಕನ್ ವಿಷಯಕ್ಕೆ ಬನ್ನಿ. ಆತನೇ 1862ರಲ್ಲಿ, ಒಬ್ಬ ಗುಲಾಮನನ್ನೂ ಬಿಡದೆ ಒಕ್ಕೂಟ ಉಳಿಯೋದಾದ್ರೆ ಹಾಗೇ ಮಾಡ್ತೀನಿ ಅಂತ ಬರೆದಿದ್ದಾನೆ. ಇಂಥವನನ್ನ ವಿಮೋಚಕ ಅನ್ನೋದು ಹೇಗೆ?

ಹಳೇ ಮೇಷ್ಟ್ರು
ಆ ಪತ್ರ ಹೊರೇಸ್ ಗ್ರೀಲಿ ಎಂಬ ಸಂಪಾದಕನಿಗೆ 1862ರ ಆಗಸ್ಟ್ 22ರಂದು ಬರೆದದ್ದು. ಅದಕ್ಕೂ ಒಂದು ತಿಂಗಳು ಮೊದಲೇ, ಜುಲೈ 22ರಂದು, ದಂಗೆ ಎದ್ದ ರಾಜ್ಯಗಳ ಗುಲಾಮರನ್ನು ಬಿಡಿಸುವ ವಿಮೋಚನಾ ಘೋಷಣೆಯ ಕರಡನ್ನು ಸಚಿವರಿಗೆ ಓದಿ ತೋರಿಸಿ ಆಗಿತ್ತು. ಯುದ್ಧದಲ್ಲಿ ಒಂದು ಗೆಲುವಿಗೆ ಕಾಯುತ್ತಿದ್ದರು. ಪತ್ರ ಬರೆದದ್ದು ಉತ್ತರದ ಆ ಮೊದಲನೇ ಗುಂಪಿನವರಿಗೆ, ಅಂದರೆ ಗುಲಾಮಗಿರಿ ಇಷ್ಟವಿಲ್ಲ ಎಂದಷ್ಟೇ ಹೇಳುವವರಿಗೆ, ನಿಮ್ಮ ಒಕ್ಕೂಟಕ್ಕಾಗಿಯೇ ಇದನ್ನು ಮಾಡುತ್ತಿದ್ದೇನೆ ಎಂದು ಮನವರಿಕೆ ಮಾಡಲು. ಹಾಗೆಂದು ಅವರನ್ನು ದೇವರ ಪೀಠದಲ್ಲಿ ಕೂರಿಸುವುದೂ ಬೇಡ. ಅದೇ ಆಗಸ್ಟ್ 14ರಂದು ಕಪ್ಪುಜನರ ನಿಯೋಗವನ್ನು ಕರೆಸಿ, ನಾವೂ ನೀವೂ ಒಟ್ಟಿಗಿರುವುದು ಇಬ್ಬರಿಗೂ ಕಷ್ಟ, ಬೇರೆ ದೇಶಕ್ಕೆ ಹೋಗಿ ಎಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಕಪ್ಪು ನಾಯಕ ಫ್ರೆಡ್ರಿಕ್ ಡಗ್ಲಸ್ ತನ್ನ ಪತ್ರಿಕೆಯಲ್ಲಿ ಉಗಿದು ಉಪ್ಪಿನಕಾಯಿ ಹಾಕಿದ.

ಅಲ್ಲಿಂದ 1865ರ ಏಪ್ರಿಲ್ 11ಕ್ಕೆ ಬನ್ನಿ. ತುಂಬ ಬುದ್ಧಿವಂತರಾದ ಕಪ್ಪುಜನರಿಗೂ ಸೈನಿಕರಾಗಿ ಹೋರಾಡಿದವರಿಗೂ ಓಟು ಸಿಗಲಿ ಎಂದು ಬಹಿರಂಗ ಭಾಷಣ. ಕೇಳುತ್ತ ನಿಂತವರಲ್ಲಿ ಜಾನ್ ವಿಲ್ಕ್ಸ್ ಬೂತ್ ಇದ್ದ. ಮೂರು ದಿನಕ್ಕೆ ಅವನು ಲಿಂಕನ್ ಅವರಿಗೆ ಗುಂಡು ಹಾರಿಸಿದ. ಎರಡೂವರೆ ವರ್ಷದಲ್ಲಿ ಲಿಂಕನ್ ಅಷ್ಟು ದೂರ ನಡೆದಿದ್ದರು.

ಪಡುಗಡಲು
ನಡೆಸಿದವರು ಯಾರು ಅಂತಲೂ ಹೇಳಿ ಮೇಷ್ಟ್ರೇ. ಯುದ್ಧ ಶುರುವಾಗಿ ತಿಂಗಳೊಂದು ಆಗಿತ್ತಷ್ಟೇ. 1861ರ ಮೇ ತಿಂಗಳಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮೆಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ, ಉತ್ತರದ ಸೈನ್ಯದ ಕೈಯಲ್ಲಿದ್ದ ವರ್ಜೀನಿಯಾದ ಮನ್ರೋ ಕೋಟೆಗೆ ಬಂದರು. ಅವರಿಂದ ದಕ್ಷಿಣದ ಸೈನ್ಯ ತೋಪುಖಾನೆ ಕಟ್ಟಿಸುತ್ತಿತ್ತು. ಒಡೆಯನ ಕಡೆಯವನು ಬಿಳಿ ಬಾವುಟ ಹಿಡಿದು ವಾಪಸ್ ಕೇಳಲು ಬಂದ. ನಮ್ಮ ದೇಶದವರೇ ಅಲ್ಲ ಅಂತ ಹೇಳಿಕೊಂಡಿದ್ದೀರಲ್ಲ, ಗುಲಾಮರನ್ನು ಹಿಡಿದುಕೊಡುವ ನಮ್ಮ ಕಾಯ್ದೆ ನಿಮಗೆ ಹೇಗೆ ಅನ್ವಯ, ಅಂತ ಕೋಟೆಯ ಜನರಲ್ ಬಟ್ಲರ್ ಕೊಡಲಿಲ್ಲ. ವಕೀಲನ ತಲೆ! ಶತ್ರುವಿನ ಯುದ್ಧ ಸಾಮಾನು ಅಂತ ಹಿಡಿದಿಟ್ಟುಕೊಂಡ. ಸುದ್ದಿ ಹಬ್ಬಿ ಜನ ಸಾವಿರಾರು ಲೆಕ್ಕದಲ್ಲಿ ಬಂದರು. ಅವರು ಬರದೆ ಇದ್ದಿದ್ದರೆ ವಾಷಿಂಗ್ಟನ್ನಿನಲ್ಲಿ ಕೂತವರಿಗೆ ಈ ಪ್ರಶ್ನೆ ಮುಂದೆ ಹಾಕುವುದು ಸುಲಭವಿತ್ತು. ಆಮೇಲೆ ಸುಮಾರು 1,80,000 ಕಪ್ಪು ಸೈನಿಕರು ಸೇರಿದ್ದು ಬೇರೆ.

ಉತ್ತರ ಪೂರ್ತಿ ಬದಲಾಗಿತ್ತು ಅಂತ ತಿಳಿಯಬೇಡಿ. 1863ರ ಜುಲೈನಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆಗೆ ನ್ಯೂಯಾರ್ಕ್ ದಂಗೆ ಎದ್ದಿತು. 300 ಡಾಲರ್ ಕಟ್ಟಿದವರಿಗೆ ವಿನಾಯಿತಿ ಇತ್ತಲ್ಲ, ಬಡವರ ಸಿಟ್ಟಿಗೆ ಕಾರಣ ಉಂಟು. ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ಕಪ್ಪು ಮಕ್ಕಳ ಅನಾಥಾಲಯದ ಮೇಲೆ. ಮಕ್ಕಳನ್ನು ಹಿಂಬಾಗಿಲಿನಿಂದ ದಾಟಿಸಿದರು, ಕಟ್ಟಡ ಸುಟ್ಟುಹೋಯಿತು. 1838ರ ಫಿಲಡೆಲ್ಫಿಯಾದಿಂದ ಎಷ್ಟು ದೂರ ಬಂದಂತಾಯಿತು ಹೇಳಿ.

ಬಿಳಿಹತ್ತಿ
ಧಾರವಾಡದ ಸುದ್ದಿ ಒಂದ ಹೇಳಿಬಿಡತೇನ್ರಿ. 1840ರ ಸುಮಾರಿಗೆ ಕಂಪನಿ ಸರಕಾರ ಅಮೆರಿಕದ ದಕ್ಷಿಣದಿಂದ ಹತ್ತಿ ತೋಟದ ಅನುಭವಸ್ಥರನ್ನ ಹಿಂದೂಸ್ತಾನಕ್ಕ ಕರೆಸಿತ್ತು. ನ್ಯೂ ಆರ್ಲಿಯನ್ಸ್ ಬೀಜಾ ನಮ್ಮ ಎರಿ ಹೊಲದಾಗ ಬೇರ ಬಿಟ್ಟು, ಧಾರವಾಡ-ಅಮೆರಿಕನ್ ಅಂತ ಹೆಸರಾತು. ಯುದ್ಧದಾಗ ದಕ್ಷಿಣದ ಬಂದರ ಬಂದಾಗಿ ಮ್ಯಾಂಚೆಸ್ಟರಿಗೆ ಹತ್ತಿ ಇಲ್ಲದಂಗಾದಾಗ ಇಲ್ಲಿ ದರಾ ಮುಗಿಲಿಗೆ ಏರಿತು. ಹತ್ತಿ ಸಾಗಸಲಿಕ್ಕೆ ಅಂತ ಕಾರವಾರ ಬಂದರಾ, ಘಟ್ಟದ ರಸ್ತೆ ಮಾಡಿಸಿದ್ರು. 1865ರಾಗ ಯುದ್ಧ ಮುಗೀತು, ದರಾ ಬಿತ್ತು, ಮುಂಬೈಯಾಗ ಬ್ಯಾಂಕ್ ಮುಳುಗಿದ್ವು. ಅಲ್ಲಿ ಗುಲಾಮಗಿರಿ ಹೋಗೋ ಹೊತ್ತಿಗೆ ಇಲ್ಲಿ ಸಾಲಾ ಮಾಡಿ ಹತ್ತಿ ಹಾಕಿದ ರೈತ ಸಾಹುಕಾರನ ಕೈಯಾಗ ಸಿಕ್ಕಿದ್ದ.

ಪಡುಗಡಲು
1873ರಲ್ಲಿ ಜೋತಿಬಾ ಫುಲೆಯವರು ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮಗಿರಿ ತೊಡೆಯಲು ತ್ಯಾಗ ಮಾಡಿದ ಅಮೆರಿಕದ ಒಳ್ಳೆಯ ಜನರಿಗೆ. ಶೂದ್ರ ಬಂಧುಗಳ ಬಿಡುಗಡೆಗೆ ನನ್ನ ದೇಶದವರು ಅದನ್ನು ನೋಡಿ ಕಲಿಯಲಿ ಅಂತ. ಕಲ್ಲು ತಿಂದವರನ್ನು ಕಂಡು ಬರೆದರು ಅವರು, ಕಲ್ಲು ಹೊಡೆದವರನ್ನಲ್ಲ. ನಮ್ಮ ಕರಾವಳಿ, ಕೊಡಗಿನ ಮೂಲದಾಳುಗಳ, ಅಂದರೆ ಒಡೆಯನಿಗೆ ಕಟ್ಟುಬಿದ್ದ ಜೀತದಾಳುಗಳ ಕಥೆ ಇಲ್ಲಿ ತರಬೇಕು ಅಂತ ಇದೆ, ಅದಕ್ಕೆ ಬೇರೆಯೇ ಚರ್ಚೆ ಬೇಕು.

ನಿರ್ವಾಹಕ
ಆ ವಿಷಯಕ್ಕೆ ದಯವಿಟ್ಟು ಹೊಸ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಟೆನ್ನೆಸ್ಸಿ ಸಹೋದ್ಯೋಗಿಯನ್ನು ಗೇಲಿ ಮಾಡಿದ ಎರಡು ಉತ್ತರ ತೆಗೆದಿದ್ದೇನೆ.

ತುಂಗಾತೀರ
ಕೊನೆಯದಾಗಿ ಒಂದು. 13ನೇ ತಿದ್ದುಪಡಿ 1865ರ ಜನವರಿ 31ಕ್ಕೆ ಕೆಳಮನೆಯಲ್ಲಿ 119ಕ್ಕೆ 56 ಓಟಿನಲ್ಲಿ ಗೆದ್ದು ಡಿಸೆಂಬರ್ 6ಕ್ಕೆ ಜಾರಿಯಾಯಿತು. ಅಷ್ಟಕ್ಕೆ ರದ್ದತಿವಾದಿಗಳು ಕೆಲಸ ಮುಗಿಯಿತು ಎಂದುಕೊಂಡರೇ?

ಹಳೇ ಮೇಷ್ಟ್ರು
ಅದಕ್ಕೇ ಜಗಳವಾಡಿದರು. ಅದೂ ತಿದ್ದುಪಡಿ ಜಾರಿಯಾಗುವ ಮುಂಚೆಯೇ, 1865ರ ಮೇ ತಿಂಗಳಲ್ಲಿ. ಗ್ಯಾರಿಸನ್ ತಾನೇ ಕಟ್ಟಿ ಬೆಳೆಸಿದ ಸಂಘವನ್ನು ಮುಚ್ಚೋಣ, ಉದ್ದೇಶ ಈಡೇರಿತು ಎಂದ. ಕಪ್ಪು ಮನುಷ್ಯನ ಕೈಗೆ ಓಟು ಬರುವವರೆಗೆ ಗುಲಾಮಗಿರಿ ಹೋಗಿಲ್ಲ ಎಂದು ಡಗ್ಲಸ್ ಎದುರು ನಿಂತ. ಓಟಿಗೆ ಹಾಕಿದಾಗ ಗ್ಯಾರಿಸನ್ ಸೋತ. ಸಂಘದಿಂದ ಹೊರಬಂದು, ವರ್ಷದ ಕೊನೆಗೆ ಪತ್ರಿಕೆಯನ್ನೂ ನಿಲ್ಲಿಸಿದ. ಸಂಘ ಇನ್ನೊಬ್ಬ ರದ್ದತಿವಾದಿ ವೆಂಡೆಲ್ ಫಿಲಿಪ್ಸ್ ಕೈಯಲ್ಲಿ 1870ರವರೆಗೆ ನಡೆಯಿತು.

ನೇರನುಡಿ
ಗ್ಯಾರಿಸನ್ ಹೇಳಿದ್ದರಲ್ಲೂ ನ್ಯಾಯ ಇದೆ. ಮೂವತ್ತೈದು ವರ್ಷ ಕಲ್ಲು ತಿಂದವನು, ಗೆದ್ದಿದ್ದೀವಿ ಅಂತ ಒಂದು ದಿನ ಹೇಳಬಾರದಾ?

ಪಡುಗಡಲು
ಹೇಳಲಿ. ಆದರೆ ಅದೇ ತಿದ್ದುಪಡಿಯೊಳಗೆ 'ಅಪರಾಧಕ್ಕೆ ಶಿಕ್ಷೆಯಾಗಿ ಕೊಟ್ಟದ್ದನ್ನು ಬಿಟ್ಟು' ಅಂತ ಒಂದು ಸಣ್ಣ ತುಂಡು ಉಂಟು. ದಕ್ಷಿಣದ ರಾಜ್ಯಗಳು ತಿಂಗಳೊಳಗೆ ಕೆಲಸವಿಲ್ಲದೆ ಅಲೆಯುವುದನ್ನೇ ಅಪರಾಧ ಮಾಡಿ, ಹಿಡಿದವರಿಗೆ ದಂಡ ಹಾಕಿ, ದಂಡ ಕಟ್ಟಲಾಗದವರನ್ನು ತೋಟದವರಿಗೆ ಬಾಡಿಗೆಗೆ ಕೊಟ್ಟವು. ಮಿಸಿಸಿಪ್ಪಿ ಆ ಕಾಯ್ದೆ ಮಾಡಿದ್ದು 1865ರ ನವೆಂಬರಿನಲ್ಲಿ, ತಿದ್ದುಪಡಿ ಜಾರಿಗೆ ಬರುವ ಮೊದಲೇ. ತಿದ್ದುಪಡಿಗೆ ಅದೇ ಮಿಸಿಸಿಪ್ಪಿ ಒಪ್ಪಿಗೆ ಕೊಟ್ಟದ್ದು 1995ರಲ್ಲಿ, ಆ ಕಾಗದ ವಾಷಿಂಗ್ಟನ್ನಿಗೆ ವಿಧಿವತ್ತಾಗಿ ಮುಟ್ಟಿದ್ದು 2013ರಲ್ಲಿ.